ಕುಣಿಗಲ್ ಕೆರೆಗೆ ಮೂರು ದನಿ

ನಮ್ಮ ಮಧುಗಿರಿ ಕಡೆ ಕೆರೆ ಕೋಡಿ ಬಿದ್ದ ದಿನ ಊರಿಗೆ ಊರೇ ಏರಿಯ ಮೇಲಿರುತ್ತದೆ. ಹೆಂಗಸರು ಅರಿಶಿನ ಕುಂಕುಮ ತಂದು ಗಂಗಮ್ಮನ ಪೂಜೆ ಮಾಡುತ್ತಾರೆ, ಹುಡುಗರು ಕೋಡಿ ನೀರಿಗೆ ಇಳಿಯುತ್ತಾರೆ. ಆ ಹೊತ್ತಿಗೆ ಯಾರಾದರೊಬ್ಬರ ಬಾಯಲ್ಲಿ ‘ಮೂಡಲ್ ಕುಣಿಗಲ್ ಕೆರೆ’ ಬಂದೇ ಬರುತ್ತದೆ. ಕುಣಿಗಲ್ ನಮಗೇನು ಹತ್ತಿರವಲ್ಲ, ತುಮಕೂರು ದಾಟಿ ಇನ್ನೂ ತೆಂಕಲಿಗೆ ಹೋಗಬೇಕು. ಆ ಕೆರೆ ಕಂಡೇ ಇಲ್ಲದವರೂ ಹಾಡುತ್ತಾರೆ. ಅವರಲ್ಲಿ ಹಿರಿಯರನ್ನು ಕೇಳಿ ನೋಡಿ, ಆ ಹಾಡು ಕಿವಿಯಲ್ಲಿ ಉಳಿದಿರುವುದು ಮೂವರ ದನಿಯಾಗಿ: ಪಿ. ಕಾಳಿಂಗರಾಯರು, ಜೊತೆಗೆ ಮೋಹನಕುಮಾರಿ ಮತ್ತು ಸೋಹನಕುಮಾರಿ.

ಕಾಳಿಂಗರಾಯರು ಹುಟ್ಟಿದ್ದು 1914ರಲ್ಲಿ, ಉಡುಪಿ ಸೀಮೆಯ ಆರೂರಿನಲ್ಲಿ. ಮನೆಯಲ್ಲಿ ಯಕ್ಷಗಾನ, ಎಳೆ ವಯಸ್ಸಿನಲ್ಲೇ ನಾಟಕ ಕಂಪನಿ. ಕಡಲ ತಡಿಯ ಈ ಮನುಷ್ಯ ನಮ್ಮ ಬಯಲುಸೀಮೆಯ ಆಡುಮಾತನ್ನು ನಮ್ಮವರ ಬಾಯಲ್ಲೇ ಹುಟ್ಟಿತೆಂಬಂತೆ ಹಾಡಿದರಲ್ಲ, ಅದು ನನಗೆ ಇವತ್ತಿಗೂ ಬೆರಗು. ಈ ಹಾಡಿನಲ್ಲಿ ಬರುವ ‘ಐಭೋಗ’ ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ಕೊರಟಗೆರೆ ತಾಲ್ಲೂಕಿನ ನಮ್ಮಜ್ಜಿ ಮದುವೆಮನೆಯಿಂದ ಬಂದು ‘ಏನ್ ಐಭೋಗ ಕಣಪ್ಪಾ’ ಅನ್ನುತ್ತಿದ್ದಳು. ರಾಯರು ಆ ಪದವನ್ನು ತಿದ್ದಲಿಲ್ಲ, ಗ್ರಂಥದ ಕನ್ನಡಕ್ಕೆ ಎಳೆಯಲಿಲ್ಲ. ‘ಭೋ’ ಅಕ್ಷರದ ಮೇಲೆ ಒಂದಿಷ್ಟು ಹೊತ್ತು ನಿಂತು, ಕೆರೆಯ ಅಗಲವನ್ನೆಲ್ಲ ಕಣ್ಣಲ್ಲಿ ಅಳೆದವರ ಹಾಗೆ ಮುಂದಕ್ಕೆ ಹೋಗುತ್ತಾರೆ.

ಆದರೆ ನಾನು ಈ ವಾರ ಬರೆಯಬೇಕೆಂದಿದ್ದು ಆ ಇಬ್ಬರು ಹೆಣ್ಣುಮಕ್ಕಳ ಬಗ್ಗೆ. ಅವರನ್ನು ‘ಹಿಮ್ಮೇಳ’ ಎಂದು ಬರೆದು ಮುಗಿಸುವವರೇ ಹೆಚ್ಚು. ನಮ್ಮ ಸೀಮೆಯಲ್ಲಿ ಸೋಬಾನೆ ಕೇಳಿದವರು ಹಾಗೆ ಅನ್ನಲಾರರು. ಚಪ್ಪರದ ಕೆಳಗೆ ಒಬ್ಬಾಕೆ ಸೊಲ್ಲು ಎತ್ತುತ್ತಾಳೆ, ಉಳಿದವರು ಹಿಡಿಯುತ್ತಾರೆ. ಹಿಡಿಯುವವರು ಸೋತರೆ ಎತ್ತುವವಳ ಉಸಿರೂ ನಿಲ್ಲುತ್ತದೆ. ಶಿರಾ ಸೀಮೆಯಲ್ಲಿ ಕಾಡುಗೊಲ್ಲರ ಹೆಂಗಸರು ಹಾಡುವಾಗಲೂ ಹೀಗೆಯೇ, ಒಂದು ಗುಂಪು ಬಿಟ್ಟದ್ದನ್ನು ಇನ್ನೊಂದು ಗುಂಪು ನೆಲಕ್ಕೆ ಬೀಳದಂತೆ ಹಿಡಿಯುತ್ತದೆ. ಕುಣಿಗಲ್ ಕೆರೆಯ ಹಾಡಿನಲ್ಲಿ ಸಾಲು ಮುಗಿಯುವ ಕಡೆ ಬರುವ ಸೊಲ್ಲಿಗೆ ಅರ್ಥವಿಲ್ಲ, ನಿಘಂಟಿನಲ್ಲಿ ಸಿಗುವುದೂ ಇಲ್ಲ. ಅದು ಇರುವುದೇ ಕೂತವರೆಲ್ಲ ಸೇರಿಕೊಳ್ಳಲಿ ಎಂದು. ಗಂಡುದನಿಯ ಬದಿಗೆ ಆ ಇಬ್ಬರ ದನಿ ಬಂದು ಕೂಡಿದಾಗ ಹಾಡು ವೇದಿಕೆಯಿಂದಿಳಿದು ಚಪ್ಪರಕ್ಕೆ ಬರುತ್ತದೆ. ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ಅಷ್ಟು ಇಕ್ಕಟ್ಟಿನಲ್ಲೂ ಜನ ಸೇರಲು ಜಾಗ ಬಿಟ್ಟರಲ್ಲ, ಈ ಹಾಡು ಬಾಳಿದ್ದು ಅದರಿಂದಲೇ ಎಂದು ನಾನು ನಂಬಿದ್ದೇನೆ. ಪಾವಗಡದಲ್ಲಿ ಮನೆಮಾತು ತೆಲುಗಾದವರೂ ಸೊಲ್ಲಿನ ಹೊತ್ತಿಗೆ ಸರಿಯಾಗಿ ದನಿಗೂಡಿಸುವುದನ್ನು ಕೇಳಿದ್ದೇನೆ.

ರಾಯರ ಬೇರೆ ಹಾಡುಗಳಿಗೂ ಜನರನ್ನು ಸೇರಿಸಿಕೊಳ್ಳುವ ಈ ಗುಣವಿದೆ. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಪುಸ್ತಕದಿಂದೆದ್ದು ಬೀದಿಗೆ ಬಂದದ್ದು ಅವರ ಗಂಟಲಿನಿಂದ. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲೇ ಮೊಳಗಿದ್ದ ಗೀತೆ. ಮುಂದೆ ಅದನ್ನು ಮನೆಮನೆಯ ಹಾಡಾಗಿಸಿದವರಲ್ಲಿ ರಾಯರು ಮೊದಲಿಗರು.

1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಅದಕ್ಕೆ ರಾಗ ಹಾಕಿದ ಮೈಸೂರು ಅನಂತಸ್ವಾಮಿಯವರು ರಾಯರ ದಾರಿಯನ್ನು ಇನ್ನಷ್ಟು ಅಗಲ ಮಾಡಿದರು. 2022ರಲ್ಲಿ ನಾಡಗೀತೆಗೆ ಸರ್ಕಾರ ಗೊತ್ತುಮಾಡಿದ್ದೂ ಅವರ ಧಾಟಿಯನ್ನೇ. ಅವರ ಬಗ್ಗೆ ನನ್ನ ಗೌರವ ದೊಡ್ಡದು. ಆದರೂ ಕುಣಿಗಲ್ ಕೆರೆಯ ವಿಷಯದಲ್ಲಿ ನನ್ನ ತೀರ್ಮಾನ ಗಟ್ಟಿ. ಆಮೇಲೆ ಹಲವರು ಹಾಡಿದರು, ಕೀಬೋರ್ಡ್ ಬಂತು, ರಿದಂ ಪ್ಯಾಡ್ ಬಂತು, ಓಟ ಹೆಚ್ಚಾಯಿತು. ಈ ಹಾಡಿನಲ್ಲಿ ಕೆರೆಯ ಮೇಲೆ ಚಂದ್ರ ಮೂಡಿಬರಬೇಕು, ಓಡುವ ಹಾಡಿನಲ್ಲಿ ಅವನಿಗೆ ಮೂಡಲು ಹೊತ್ತಿಲ್ಲ. ರಾಯರ ಪ್ಲೇಟಿನಲ್ಲಿ ಅವನು ನಿಧಾನಕ್ಕೆ ಮೇಲೆ ಬರುತ್ತಾನೆ, ನೀರು ಬೆಳಗುತ್ತದೆ. ಬಿತ್ತನೆ ಮುಗಿಸಿ ಮುಗಿಲು ನೋಡುತ್ತ ಕೂತ ನಮ್ಮಂಥ ಒಣ ತಾಲ್ಲೂಕಿನವರಿಗೆ ತುಂಬಿದ ಕೆರೆಯ ಹಾಡು ಬರೀ ಚೆಲುವಿನ ಹಾಡಲ್ಲ, ಅದೊಂದು ಬೇಡಿಕೆ.

ರಾಯರು 1981ರಲ್ಲಿ ತೀರಿಕೊಂಡರು. ಅವರ ದನಿ ಇವತ್ತು ಮೊಬೈಲಿನಲ್ಲೇ ಸಿಗುತ್ತದೆ, ಹುಡುಕಿದರೆ ಸಾಕು.

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ಈ ನಾಲ್ಕೂ ತಾಲ್ಲೂಕಿನ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೇಳಿಕೆ. ಈ ಸಲ ರಾಜ್ಯೋತ್ಸವಕ್ಕೆ ಟ್ರ್ಯಾಕ್ ಹಾಕಿ ಒಬ್ಬ ಹುಡುಗಿಯ ಕೈಗೆ ಮೈಕು ಕೊಡಬೇಡಿ. ಮೊದಲು ಮಕ್ಕಳಿಗೆ ಆ ಹಳೆಯ ಪ್ಲೇಟಿನ ಹಾಡು ಕೇಳಿಸಿ. ಆಮೇಲೆ ತರಗತಿಯನ್ನು ಎರಡು ಸಾಲು ಮಾಡಿ, ಒಂದು ಸಾಲು ಎತ್ತಲಿ, ಇನ್ನೊಂದು ಹಿಡಿಯಲಿ. ಊರಿನಲ್ಲಿ ಸೋಬಾನೆ ಬಲ್ಲ ಅಜ್ಜಿ ಇದ್ದರೆ ಆಕೆಯನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ.