ನೇತ್ರಾಣಿ: ಗೂಡನ್ನು ಮರೆತ ಸಂರಕ್ಷಣೆ

ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಇರುವ ನೇತ್ರಾಣಿಯು ಕಡಿದಾದ ಬಂಡೆಗಳಿಂದಲೂ ನೆತ್ತಿಯ ಮೇಲಿನ ಕಾಡಿನಿಂದಲೂ ಕೂಡಿದ ಸಣ್ಣ ನಡುಗಡ್ಡೆಯಾಗಿದ್ದು, ಕಡಲನ್ನೇ ನಂಬಿದ ಹಕ್ಕಿಗಳು ಮರಿಮಾಡಲು ಕರ್ನಾಟಕದ ಕರಾವಳಿಯಲ್ಲಿ ಉಳಿದಿರುವ ಕೆಲವೇ ನೆಲೆಗಳಲ್ಲಿ ಒಂದಾಗಿದೆ. ಇಲ್ಲಿನ ಸಂರಕ್ಷಣೆಯನ್ನು ಪರಿಶೀಲಿಸಿದಾಗ ಮೊದಲು ಕಣ್ಣಿಗೆ ಬೀಳುವ ಕೊರತೆಯೆಂದರೆ, ಹಕ್ಕಿಗೂ ಗೂಡಿಗೂ ಕಾನೂನಿನ ಆಸರೆ ಇದ್ದರೂ ಗೂಡು ಕಟ್ಟುವ ಕಾಲದಲ್ಲಿ ಆ ಆಸರೆ ನಡುಗಡ್ಡೆಯಲ್ಲಿ ನಿಜಕ್ಕೂ ಒದಗಿಲ್ಲವೆಂಬುದು.

ಇಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಎಂದರೆ ಹುಲಿ, ಆನೆಗಳಿಗೆ ಸಲ್ಲುವ ರಕ್ಷಣೆಯೇ ಇದಕ್ಕೂ ಸಲ್ಲುತ್ತದೆ. ಈ ಹದ್ದು ವರ್ಷವರ್ಷವೂ ಹಳೆಯ ಗೂಡಿಗೇ ಮರಳಿ ಹೊಸ ಕಡ್ಡಿಗಳನ್ನು ಪೇರಿಸುವುದರಿಂದ ಗೂಡು ದೊಡ್ಡ ಅಟ್ಟದಂತೆ ಬೆಳೆಯುತ್ತದೆ, ಅದರ ಬುಡದಲ್ಲಿ ಮೀನಿನ ಮತ್ತು ಕಡಲ ಹಾವಿನ ಮೂಳೆಗಳು ಉದುರಿಬಿದ್ದಿರುತ್ತವೆ. ಮಳೆಗಾಲ ಕಳೆದು ಕಡಲು ತಿಳಿಯಾದ ತಿಂಗಳುಗಳಲ್ಲಿ ಅದು ಮೊಟ್ಟೆಯಿಡುತ್ತದೆ; ಸ್ಕೂಬಾ ದೋಣಿಗಳು ನೇತ್ರಾಣಿಗೆ ಸಾಲಾಗಿ ಬರುವುದೂ ಆ ತಿಂಗಳುಗಳಲ್ಲೇ. ಕಾವು ಕೊಡುವಾಗ ಗದ್ದಲವಾದರೆ ಗೂಡನ್ನೇ ಬಿಟ್ಟುಹೋಗುವ ಸ್ವಭಾವ ಈ ಹಕ್ಕಿಗಿರುವುದರಿಂದ, ಪ್ರವಾಸಿಗರು ನಡುಗಡ್ಡೆಯ ಮೇಲೆ ಕಾಲಿಡದಿದ್ದರೂ ಅಪಾಯ ತಪ್ಪುವುದಿಲ್ಲ. ಹರಕೆಗೆಂದು ಬಿಟ್ಟ ಆಡುಗಳ ಸಂತತಿಯೂ ಅಲ್ಲಿದೆ. ಆಡು ಮೇಯುವಲ್ಲಿ ಎಳೆಸಸಿಯು ಗೂಡಿಗೆ ಒದಗುವ ಮರವಾಗುವುದು ಅಪರೂಪವೆಂಬುದು ಗೊತ್ತಿರುವ ಸಂಗತಿಯೇ. ಇವೆಲ್ಲಕ್ಕಿಂತ ಸಮರ್ಥಿಸಲಾಗದ್ದು ನೌಕಾಪಡೆಯು ಇದೇ ನಡುಗಡ್ಡೆಯನ್ನು ಗುಂಡಿನ ಗುರಿಯಾಗಿ ಬಳಸುತ್ತ ಬಂದದ್ದು. ಮೀನುಗಾರರೂ ಪರಿಸರಾಸಕ್ತರೂ ಇದನ್ನು ವಿರೋಧಿಸಿರುವುದು ನ್ಯಾಯವೇ ಆಗಿದೆ.

ಹೋಲಿಕೆಗೆ ಬೇರೆ ದೇಶದ ಮಾದರಿಯನ್ನು ಹುಡುಕಬೇಕಿಲ್ಲ. ನೆರೆಯ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ವೆಂಗುರ್ಲಾದ ಬಂಡೆ ನಡುಗಡ್ಡೆಗಳಲ್ಲಿ ಎರಡು ಬಗೆಯ ಸಂಸಾರಗಳಿವೆ. ಕವಲುಬಾಲದ ಕಡಲಹಕ್ಕಿಯಾದ ರೀವವು ಬಂಡೆಯ ಸಂದಿನಲ್ಲಿ, ಹುಲ್ಲಿನ ಹಾಸೂ ಇಲ್ಲದೆ, ಒಂದೇ ಮೊಟ್ಟೆಯಿಡುತ್ತದೆ. ಗವಿಯ ಕತ್ತಲಲ್ಲಿ ಬಾನಾಡಿಯು (ಸ್ವಿಫ್ಟ್‌ಲೆಟ್) ತನ್ನ ಜೊಲ್ಲನ್ನೇ ಅಂಟಾಗಿಸಿ ಗೋಡೆಗೆ ಅರ್ಧ ಬಟ್ಟಲಿನಂಥ ಗೂಡನ್ನು ಕಚ್ಚಿಸುತ್ತದೆ, ಈ ಗೂಡನ್ನು ಆಗ್ನೇಯ ಏಷ್ಯಾದಲ್ಲಿ ಸೂಪು ಮಾಡಿ ಕುಡಿಯುವುದರಿಂದ ಕಳ್ಳರ ಕಣ್ಣು ಅದರ ಮೇಲೆ ಬಿತ್ತು. ಈ ಕಳವು ಬೆಳಕಿಗೆ ಬಂದ ಮೇಲೆ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯು ಅರಣ್ಯ ಇಲಾಖೆಯ ಜೊತೆಗೂಡಿ ಗೂಡುಗಳ ರಕ್ಷಣೆಗೆ ನಿಂತಿತು. ಈ ಕೆಲಸದ ಹೆಚ್ಚುಗಾರಿಕೆ ಇರುವುದು ಅದರ ಖರ್ಚಿನಲ್ಲಲ್ಲ, ಯಾವ ಗವಿ, ಯಾವ ತಿಂಗಳು, ಯಾರಿಂದ ಅಪಾಯ ಎಂಬುದನ್ನು ಗೊತ್ತುಮಾಡಿಕೊಂಡು ಹೊರಟದ್ದರಲ್ಲಿ.

ನೇತ್ರಾಣಿಯಲ್ಲಿ ನಡೆಯಬೇಕಾದದ್ದೂ ಇಷ್ಟೇ: ಹದ್ದಿನ ಗೂಡಿರುವ ಬದಿಯಲ್ಲಿ ಮರಿ ಹಾರುವವರೆಗೆ ದೋಣಿ ಲಂಗರು ಹಾಕಬಾರದು, ನಡುಗಡ್ಡೆಯ ಮೇಲೆ ಗುಂಡು ಹಾರಿಸುವುದು ಪೂರ್ತಿ ನಿಲ್ಲಬೇಕು. ಇವೆರಡಕ್ಕೂ ಹೊಸ ಕಾಯ್ದೆಯ ಅಗತ್ಯವಿಲ್ಲ.