ಭೀಮೆಗೂ ಉಬ್ಬರವಿಳಿತ ಉಂಟು

ಕಯಾಕ್ ಪ್ರಿಯರು ಒಮ್ಮೆಯಾದರೂ ಹೋಗಬೇಕೆನ್ನುವ ಜಾಗ ಥಾಯ್ಲೆಂಡಿನ ಫಾಂಗ್ ನಾ ಕೊಲ್ಲಿ. ಅಲ್ಲಿ ಕಡಲ ನಡುವೆ ನೆಟ್ಟಗೆ ನಿಂತ ಸುಣ್ಣಕಲ್ಲಿನ ಗುಡ್ಡಗಳಿವೆ. ಕೆಲವುಗಳ ಒಡಲಲ್ಲಿ, ಮೇಲ್ಚಾವಣಿ ಕುಸಿದು ಆಕಾಶಕ್ಕೆ ತೆರೆದುಕೊಂಡ ಕೊಳಗಳಿವೆ. ಉಬ್ಬರ ಬಂದರೆ ಕೊಳಕ್ಕೆ ದಾರಿಯಾದ ಗವಿಯ ಬಾಯಿ ಮುಚ್ಚುತ್ತದೆ, ಪೂರ್ತಿ ಇಳಿದರೆ ದೋಣಿ ತಳ ಹಿಡಿಯುತ್ತದೆ. ನಡುವೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಅಂಗಾತ ಮಲಗಿ ಒಳಗೆ ಜಾರಬೇಕು.

ನಮ್ಮ ಶಹಾಬಾದಿ ಪರಸಿಯೂ ಸುಣ್ಣಕಲ್ಲೇ, ಅಲ್ಲಿಯದಕ್ಕಿಂತ ಎಷ್ಟೋ ಹಳೆಯದು. ಆದರೆ ಗುಡ್ಡವಾಗಿ ನಿಲ್ಲದೆ ಪದರು ಪದರಾಗಿ ಮಲಗಿಬಿಟ್ಟಿದೆ. ಹಾಗಾಗಿ ನಮ್ಮ ಭೀಮಾ ನದಿಯಲ್ಲಿ ನಾನು ಗವಿ ಹುಡುಕುವುದಿಲ್ಲ, ಹಿನ್ನೀರು ಹುಡುಕುತ್ತೇನೆ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಹೋದವರೆಲ್ಲ ಸಂಗಮದಲ್ಲಿ ಮುಳುಗೆದ್ದಿರುತ್ತಾರೆ. ಆಳಂದದ ಕಡೆಯಿಂದ ಬರುವ ಅಮರ್ಜಾ ಭೀಮೆಗೆ ಸೇರುವುದು ಅಲ್ಲಿಯೇ. ಭೀಮೆ ಎತ್ತರದಲ್ಲಿ ಹರಿಯುವಾಗ ಅದರ ನೀರು ಅಮರ್ಜಾದ ಬಾಯಿಗೆ ಹಿಮ್ಮೆಟ್ಟಿ ನುಗ್ಗುತ್ತದೆ; ದೊಡ್ಡ ಹೊಳೆ ಓಡುತ್ತಿರುವಾಗಲೇ ಪಕ್ಕದಲ್ಲಿ ನಿಂತ ನೀರಿನ ಒಂದು ಮಡು ಸಿದ್ಧವಾಗಿರುತ್ತದೆ. ಎರಡರ ನಡುವೆ ನೊರೆ, ಕಸಕಡ್ಡಿ ಗಿರಗಿರ ತಿರುಗುವ ಗೆರೆಯೊಂದು ಕಾಣುತ್ತದೆ. ಅದನ್ನು ದಾಟುವುದೇ ನನಗೆ ಈ ಹವ್ಯಾಸದ ಅತಿ ಸೊಗಸಾದ ಕ್ಷಣ. ವೇಗವಾಗಿ, ಓರೆಯಾಗಿ ಹೋಗಬೇಕು. ಮೂತಿ ನಿಂತ ನೀರಿಗೆ ತಾಗಿದೊಡನೆ ತಿರುಗುವ ಕಡೆಗೇ ಮೈ ವಾಲಿಸಿ, ಅದೇ ಕಡೆ ಹುಟ್ಟು ಊರಬೇಕು. ಹೆದರಿ ಹೊರಕ್ಕೆ ವಾಲಿದವನನ್ನು ಹೊಳೆ ಮಗುಚಿ ಹಾಕುತ್ತದೆ. ಹರಗೋಲು ನಡೆಸುವ ಅಂಬಿಗರು ಈ ಗೆರೆಯನ್ನು ದಂಡೆಯಿಂದಲೇ ಗುರುತಿಸುತ್ತಾರೆ. ನೀರಿಗಿಳಿಯುವ ಮುಂಚೆ ಅವರನ್ನು ಕೇಳಿ. ಮರಳು ತೆಗೆದ ಗುಂಡಿ ಎಲ್ಲಿದೆ, ಮೊಸಳೆ ಎಲ್ಲಿ ಕಂಡಿತ್ತು ಎಂಬುದಕ್ಕೆ ಅವರ ಮಾತೇ ನಕಾಶೆ.

ಕಡಲಿನ ಉಬ್ಬರವಿಳಿತ ಚಂದ್ರನ ಕೈಯಲ್ಲಿದ್ದರೆ ಭೀಮೆಯದು ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಲ್ಲಿ, ಇತ್ತ ಸೊನ್ನ ಬ್ಯಾರೇಜಿನ ಗೇಟುಗಳಲ್ಲಿ ಇದೆ. ಇಲ್ಲಿ ಮೋಡವೇ ಇಲ್ಲದ ದಿನವೂ ಹೊಳೆ ಏರಬಹುದು. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ಭಾಗದ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಅದೇ ಜನ ಕುಡಿಯುವ ನೀರಿಗೆ ಉಜನಿಯತ್ತ ನೋಡುತ್ತಾರೆ. ಆದ್ದರಿಂದ ಮೊದಲು ಓದಬೇಕಾದ್ದು ಹವಾಮಾನ ವರದಿಯನ್ನಲ್ಲ, ನೀರು ಬಿಟ್ಟ ಸುದ್ದಿಯನ್ನು. ನದಿ ಪಾತ್ರದ ಹಳ್ಳಿಗಳಿಗೆ ಎಚ್ಚರಿಕೆ ಬಂದ ದಿನ ಕಯಾಕ್ ಹೊರಗೆ ತೆಗೆಯಲೇಬಾರದು. ಬ್ಯಾರೇಜಿನ ಹತ್ತಿರವಂತೂ ಯಾವತ್ತೂ ಸುಳಿಯಬಾರದು: ಗೇಟಿನ ಕೆಳಗೆ ಮಗುಚಿ ಬೀಳುವ ನೀರು ಒಳಗೆ ಸಿಕ್ಕಿದ್ದನ್ನು ಹೊರಗೆ ಬಿಡುವುದಿಲ್ಲ, ಲೈಫ್ ಜಾಕೆಟ್ ಇದ್ದರೂ.

ಹೊಸಬರು ಆಳಂದ ತಾಲ್ಲೂಕಿನ ಕೊರಳ್ಳಿಯ ಅಮರ್ಜಾ ಜಲಾಶಯದಲ್ಲಿ, ಅನುಮತಿ ಪಡೆದು, ಗಾಳಿಯಿಲ್ಲದ ಬೆಳಗ್ಗೆ ಕಲಿಯಲಿ. ಕೈ ಪಳಗಿದವರಿಗೆ, ಮಳೆಗಾಲ ಮುಗಿದು ಹೊಳೆ ತಣ್ಣಗಾದ ಮೇಲೆ, ನನ್ನ ಶಿಫಾರಸು ಫಿರೋಜಾಬಾದ್. ಬಹಮನಿ ಸುಲ್ತಾನ ಫಿರೋಜ್ ಶಾಹ 1400ರ ಸುಮಾರಿಗೆ ಭೀಮೆಯ ದಂಡೆಯಲ್ಲಿ ಕಟ್ಟಿಸಿದ ಊರು ಅದು. ಮೂರು ದಿಕ್ಕಿಗೆ ಕೋಟೆ ಗೋಡೆ, ನಾಲ್ಕನೆಯದಕ್ಕೆ ಹೊಳೆಯೇ ಕಾವಲು. ರಸ್ತೆಯಿಂದ ಹೋದವರಿಗೆ ಗೋಡೆ, ಬಾಗಿಲು ಮೊದಲು ಕಾಣುತ್ತವೆ. ಜೇವರ್ಗಿ ಕಡೆಯ ದಂಡೆಯಿಂದ ಹುಟ್ಟು ಹಾಕಿ ಬಂದರೆ, ಊರು ಹೊಳೆಗೆ ಹೇಗೆ ಮುಖಮಾಡಿ ಕೂತಿದೆ ಎಂಬುದು ಒಮ್ಮೆಗೇ ಅರ್ಥವಾಗುತ್ತದೆ. ಬೆಳಗ್ಗೆ ಹೋದರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಮಧ್ಯಾಹ್ನ ಇಳಿದ ಮೇಲೆ ಹೊರಡಿ, ಕತ್ತಲಾಗುವ ಮುಂಚೆ ಮರಳಿ ದಂಡೆ ಸೇರುವಷ್ಟು ಹೊತ್ತು ಇಟ್ಟುಕೊಂಡು.