ಗೋರಿಯನ್ನು ಗರ್ಭವೆನ್ನುವ ಮೊದಲು

ಗರ್ಭವೂ ಗೋರಿಯೂ ಒಂದೇ ಎಂಬ ಮಾತನ್ನು ನಾವು ಪರೀಕ್ಷೆಗೇ ಒಡ್ಡದೆ ಒಪ್ಪಿಕೊಂಡುಬಿಟ್ಟಿದ್ದೇವೆ. ಸಾವಿನ ಸುದ್ದಿಯಲ್ಲಿ ‘ಭೂತಾಯಿಯ ಮಡಿಲು ಸೇರಿದರು’ ಎಂದು ಬರೆಯುತ್ತೇವೆ. ಸಂಕೇತಗಳ ವ್ಯಾಖ್ಯಾನಕಾರರಿಗೆ ಮಣ್ಣಿಗಿಟ್ಟ ಹೆಣದಲ್ಲೆಲ್ಲ ಭ್ರೂಣ ಕಾಣುತ್ತದೆ, ಕತ್ತಲ ಕೋಣೆಯಲ್ಲೆಲ್ಲ ತಾಯ ಬಸಿರು ಕಾಣುತ್ತದೆ. ಇದರ ಬೆನ್ನಿಗೇ ಬರುವ ಇನ್ನೊಂದು ತೀರ್ಮಾನವಿದೆ: ಬಸಿರನ್ನೇ ದೇವರ ನೆಲೆಯಾಗಿಸಿದ ಸಂಪ್ರದಾಯ ತಾಯ್ತನವನ್ನು ಗೌರವಿಸಿದೆ ಎಂಬುದು. ಮೊದಲನೆಯದು ಸಡಿಲ ಮಾತು. ಎರಡನೆಯದು ಅಪಾಯದ್ದು.

ಲಿಂಗಾಯತರ ಶವಸಂಸ್ಕಾರವನ್ನೇ ನೋಡಿ. ಕುಣಿಯಲ್ಲಿ ದೇಹವನ್ನು ಕೂರಿಸುತ್ತಾರಾದ್ದರಿಂದ ಅದು ಗರ್ಭಕ್ಕೆ ಮರಳುವ ಸಂಕೇತ ಎಂದು ಹೇಳುವವರಿದ್ದಾರೆ. ಆದರೆ ಆ ಭಂಗಿ ಮುದುಡಿದ ಕೂಸಿನದಲ್ಲ, ಪೂಜೆಗೆ ಕುಳಿತವರದು. ಕಾಲು ಮಡಿಸಿ, ಬೆನ್ನು ನೆಟ್ಟಗಿರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆಗಳ ನಡುವೆ ಕೂರಿಸುತ್ತಾರೆ. ಗಂಡಸಿಗೂ ಹೆಂಗಸಿಗೂ ಅದೇ ಕ್ರಮ. ‘ಲಿಂಗೈಕ್ಯ’ರಾದವರು ಮತ್ತೆ ಹುಟ್ಟಿಬರುವವರಲ್ಲ ಎಂಬುದೇ ಆ ನಂಬಿಕೆಯ ತಿರುಳು. ಅಂಥ ಕುಣಿಯನ್ನು ಬಸಿರೆಂದು ಓದುವುದೆಂದರೆ ಆ ಜನ ಯಾವುದನ್ನು ಬೇಡವೆಂದರೋ ಅದನ್ನೇ ಅವರ ಕೈಗಿಡುವುದು. ಬಸುರಿಗೆ ಎಂಟನೆಯ ತಿಂಗಳಲ್ಲಿ, ಹೊಟ್ಟೆಯೊಳಗಿನ ಕೂಸಿನ ಹೆಸರಲ್ಲಿ ಲಿಂಗಧಾರಣೆ ಮಾಡುವ ಪದ್ಧತಿಯೂ ಇಲ್ಲಿದೆ. ಹುಟ್ಟಿನ ಮೊದಲೂ ಲಿಂಗ, ಸಾವಿನ ನಂತರವೂ ಲಿಂಗ. ಎರಡು ತುದಿಗಳನ್ನು ಕೂಡಿಸಿದ್ದು ಲಿಂಗವೇ ಹೊರತು ಬಸಿರು ಕುಣಿಗಳ ಹೋಲಿಕೆಯಲ್ಲ.

ಇತಿಹಾಸಪೂರ್ವದ ಸಾಕ್ಷ್ಯವೂ ಈ ಸಮೀಕರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದ ಬ್ರಹ್ಮಗಿರಿಯಲ್ಲಿ ನವಶಿಲಾಯುಗದ ಜನ ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳಿದ್ದರು, ದೊಡ್ಡವರನ್ನು ನೀಳವಾಗಿ ಮಲಗಿಸಿದ್ದರು. ಮಡಕೆಯಲ್ಲಿ ಬಸಿರಿನ ನೆನಪು ಇದ್ದಿರಬಹುದು. ನೀಳವಾಗಿ ಮಲಗಿದವರ ಮಾತೇನು? ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಕಲ್ಗೋರಿಗಳಲ್ಲಿ ಕೆಲವಕ್ಕೆ ದುಂಡನೆಯ ಕಿಂಡಿಗಳಿವೆ. ಅವು ಜನನದ್ವಾರ ಎನ್ನುವ ವ್ಯಾಖ್ಯಾನ ಬಾಯಿಗೆ ತಟ್ಟನೆ ಬರುತ್ತದೆ. ಸುತ್ತಲ ಊರಿನವರ ಕಣ್ಣಿಗೆ ಮಾತ್ರ ಅವು ‘ಮೋರ್ಯರು’ ಎಂಬ ಗಿಡ್ಡ ಜನ ಬಾಳಿದ ಮನೆಗಳು.

ಇನ್ನು ಗರ್ಭಗುಡಿ. ಸ್ಟೆಲ್ಲಾ ಕ್ರಾಮ್ರಿಶ್ 1946ರಲ್ಲಿ ಹಿಂದೂ ದೇವಾಲಯದ ಬಗ್ಗೆ ಬರೆದ ಗ್ರಂಥದ ನಂತರ ಅದನ್ನು ವಿಶ್ವದ ಬಸಿರೆಂದು ವರ್ಣಿಸುವುದು ರೂಢಿಯಾಯಿತು. ಇಲ್ಲಿ ಹೋಲಿಕೆಗೆ ಆಧಾರವಿದೆ, ನಾನು ಅಲ್ಲಗಳೆಯುವುದಿಲ್ಲ. ‘ಮಯಮತ’ದಂಥ ಶಿಲ್ಪಗ್ರಂಥಗಳು ಗರ್ಭನ್ಯಾಸ ವಿಧಿಯನ್ನು ಹೇಳುತ್ತವೆ: ಧಾನ್ಯ, ಲೋಹ, ರತ್ನಗಳ ಪೆಟ್ಟಿಗೆಯನ್ನು ಕಟ್ಟಡದೊಳಗೆ ಬೀಜದಂತೆ ನೆಡುವುದು. ಆದರೆ ನೆಡುವ ಕೈ ಆಚಾರ್ಯನದು, ಶಿಲ್ಪಿಯದು. ಅಥರ್ವವೇದದಲ್ಲಿ ಉಪನಯನ ಮಾಡುವ ಆಚಾರ್ಯ ಶಿಷ್ಯನನ್ನು ಮೂರು ರಾತ್ರಿ ತನ್ನ ಹೊಟ್ಟೆಯಲ್ಲಿ ಹೊರುತ್ತಾನೆ. ರಾಷ್ಟ್ರಕೂಟ ದಂತಿದುರ್ಗ ಉಜ್ಜಯಿನಿಯಲ್ಲಿ ಹಿರಣ್ಯಗರ್ಭ ಮಾಡಿಸಿದನೆಂದು ಸಂಜಾನ್ ತಾಮ್ರಶಾಸನ ಹೇಳುತ್ತದೆ. ಚಿನ್ನದ ಬಸಿರಿನಿಂದ ಅರಸ ಎರಡನೆಯ ಬಾರಿ ಹುಟ್ಟುವ ಮಹಾದಾನವದು. ಮೂರರಲ್ಲೂ ಬಸಿರಿದೆ, ಹೆತ್ತವಳಿಲ್ಲ. ಹೆಂಗಸಿನ ಹೊಟ್ಟೆಯಿಂದ ಬಂದ ಹುಟ್ಟು ಸಾಲದು ಎಂಬ ಭಾವನೆಯೇ ಈ ವಿಧಿಗಳನ್ನು ಹುಟ್ಟಿಸಿದೆ. ಇದನ್ನು ತಾಯ್ತನದ ಗೌರವ ಎನ್ನುವುದು ಹೇಗೆ? ಗರ್ಭಗುಡಿಗೆ ಸಾಮಾನ್ಯ ಗಂಡಸಿಗೂ ಪ್ರವೇಶವಿಲ್ಲ, ನಿಜ. ಆದರೆ ಅರ್ಚಕನ ಪಟ್ಟ ಗಂಡಸಿಗೇ ಮೀಸಲಾಯಿತು. ಮುಟ್ಟಾದವಳಿಗೆ, ಬಾಣಂತಿಗೆ ಗುಡಿಯ ಹೊಸಿಲೂ ದೂರವಾಯಿತು.

ಹುಟ್ಟೂ ಸಾವೂ ನಿತ್ಯದ ಬದುಕಿನಲ್ಲಿ ನಿಜಕ್ಕೂ ಕೂಡುವುದು ಮೈಲಿಗೆಯಲ್ಲಿ. ಹೆತ್ತ ಮನೆಗೆ ಪುರುಡು, ಸತ್ತ ಮನೆಗೆ ಸೂತಕ. ಎರಡಕ್ಕೂ ದೇವರ ದೀಪ ಹಚ್ಚದ ದಿನಗಳ ಲೆಕ್ಕ, ಎರಡಕ್ಕೂ ಶುದ್ಧಿ. ಈ ಲೆಕ್ಕ ಬರಿಯ ಶಾಸ್ತ್ರವಲ್ಲ. 2023ರ ಮಳೆಗಾಲದಲ್ಲಿ ತುಮಕೂರು ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಹೆಸರಲ್ಲಿ ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸಿದ್ದರು. ಆ ಚಳಿ ಮಳೆಯಲ್ಲಿ ಹಸುಗೂಸು ಸತ್ತಿತು. ಮುಟ್ಟಾದವರನ್ನು, ಬಸುರಿಯರನ್ನು ಹೀಗೆ ಹೊರಗಿಡುವುದು ರಾಜ್ಯದ 2017ರ ಮೌಢ್ಯ ನಿಷೇಧ ಕಾನೂನಿನ ಪ್ರಕಾರ ಅಪರಾಧ. ಗರ್ಭ ಗೋರಿಗಳ ಏಕತೆಯನ್ನು ತನ್ಮಯರಾಗಿ ವರ್ಣಿಸುವ ಬರಹಗಳಲ್ಲಿ ಆ ಗುಡಿಸಲಿಗೆ ಜಾಗವಿಲ್ಲದಿರುವುದು ನನ್ನನ್ನು ಕೆರಳಿಸುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಈ ಗಂಟನ್ನು ಸರಿಯಾಗಿ ಗುರುತಿಸಿದ್ದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ಅವರ ಪರಂಪರೆ ಒಟ್ಟಾಗಿಯೇ ತಳ್ಳಿಹಾಕಿತು. ಹೆಣ್ಣಿನ ಮೈಗೆ ಹಚ್ಚಿದ ಮೈಲಿಗೆಯನ್ನು ಬಿಟ್ಟು ಜಾತಿಯದನ್ನಷ್ಟೇ ತೊಳೆಯಲಾಗದು ಎಂದು ಅವರಿಗೆ ಗೊತ್ತಿತ್ತು. ಇಂದು ಅದೇ ಪರಂಪರೆಯ ಎಷ್ಟೋ ಮನೆಗಳಲ್ಲಿ ಮುಟ್ಟಾದವಳು ಕೊರಳ ಲಿಂಗವನ್ನು ಮುಟ್ಟಲು ಅಂಜುತ್ತಾಳೆ. ಆ ಅಂಜಿಕೆ ಎಲ್ಲಿಂದ, ಯಾವಾಗ ಮರಳಿ ಬಂತು ಎಂದು ನಮ್ಮ ಧರ್ಮಾಧ್ಯಯನ ಮೊದಲು ಹುಡುಕಲಿ. ಕಲ್ಲಿನ ಕಿಂಡಿಗಳ ಸಂಕೇತಾರ್ಥ ಕಾಯಬಲ್ಲದು.